ಹಬ್ಬದಿಂದ ಒಂಬತ್ತು ಕಳೆದರೆ

ವಯನಾಡಿನ ಪಳ್ಳಿಕುನ್ನಿಗೆ ಹೊರಡುವ ನಮ್ಮ ಕಡೆಯ ಜನ ಮೊದಲು ಕೇಳುವುದು ದಾರಿಯನ್ನಲ್ಲ, ಲೆಕ್ಕವನ್ನು. “ನೊವೇನಾ ಯಾವತ್ತು ಶುರು? ಒಂಬತ್ತು ದಿನ ಅಂದರೆ ಹಬ್ಬದ ದಿನವೂ ಸೇರಿತೋ, ಬಿಟ್ಟಿತೋ?” ಬಿಟ್ಟಿತು. ನೊವೇನಾ ಎಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ: ಒಂಬತ್ತನೆಯದು ಹಬ್ಬದ ಹಿಂದಿನ ದಿನ, ಹಬ್ಬ ಹತ್ತನೆಯದು. ಹಾಗಾಗಿ ಹಬ್ಬದ ತಾರೀಖಿನಿಂದ ಒಂಬತ್ತು ಕಳೆದರೆ ಶುರುವಿನ ದಿನ ಸಿಗುತ್ತದೆ. ಪಳ್ಳಿಕುನ್ನಿನ ಲೂರ್ದು ಮಾತೆಯ ಹಬ್ಬ ಫೆಬ್ರವರಿ 11. ಒಂಬತ್ತು ಕಳೆಯಿರಿ, 2 ಉಳಿಯಿತು. ಅಲ್ಲಿನ ಜಾತ್ರೆ ಶುರುವಾಗುವುದೂ ಫೆಬ್ರವರಿ 2ಕ್ಕೇ. ಮುಗಿಯುವುದು 18ಕ್ಕೆ, ಅಂದರೆ ಹಬ್ಬವೂ ಸೇರಿ ಎಂಟನೆಯ ದಿನಕ್ಕೆ. ಹಬ್ಬಕ್ಕೆ ಮುಂಚೆ ಒಂಬತ್ತು ದಿನದ ಕಾಯುವಿಕೆ, ಹಬ್ಬದಿಂದ ಎಂಟು ದಿನದ ಸಡಗರ. ಕಥೋಲಿಕರ ದೊಡ್ಡ ಹಬ್ಬಗಳ ಹಳೆಯ ಅಳತೆ ಇದು.

ಈ ಕಳೆಯುವ ಲೆಕ್ಕವೊಂದು ಗೊತ್ತಿದ್ದರೆ ವರ್ಷದ ಪಂಚಾಂಗವೇ ಕೈಯಲ್ಲಿದ್ದ ಹಾಗೆ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಹಬ್ಬ ಜನವರಿ 14, ನೊವೇನಾ 5ರಿಂದ. ಸಂತ ಜೋಸೆಫರ ಹಬ್ಬ ಮಾರ್ಚ್ 19, ಶುರು 10ಕ್ಕೆ. ಸಂತ ಅಂತೋಣಿಯವರದು ಜೂನ್ 13, ಶುರು 4ಕ್ಕೆ. ಕೇರಳದ ಸಂತ ಅಲ್ಫೋನ್ಸಾ ಅವರ ಹಬ್ಬ ಜುಲೈ 28, ಶುರು 19ಕ್ಕೆ. ಮರಿಯಮ್ಮನವರ ಜನನದ ಹಬ್ಬ ಸೆಪ್ಟೆಂಬರ್ 8, ಶುರು ಆಗಸ್ಟ್ 30ಕ್ಕೆ. ಕ್ರಿಸ್‌ಮಸ್‌ಗೆ ಡಿಸೆಂಬರ್ 16ರಿಂದ. ಮರಿಯಮ್ಮನವರ ಹಬ್ಬಕ್ಕೆ ವೇಳಾಂಕಣ್ಣಿಯಲ್ಲೂ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲೂ ಧ್ವಜ ಏರುವುದು ಆಗಸ್ಟ್ 29ರ ಸಂಜೆ. ಒಂದು ದಿನ ಹೆಚ್ಚಾಯಿತಲ್ಲ ಎಂದು ಗೊಂದಲಪಡುವುದು ಬೇಡ, ಅದು ಹಿಂದಿನ ದಿನದ ಸಂಜೆಯ ಆಹ್ವಾನ.

ತಾರೀಖು ನಿಲ್ಲದ ಎರಡು ನೊವೇನಾಗಳಿವೆ, ಎರಡೂ ಈಸ್ಟರ್ ಹಿಡಿದು ಸರಿಯುವಂಥವು. ದೈವಿಕ ಕರುಣೆಯ ನೊವೇನಾ ಶುಭ ಶುಕ್ರವಾರಕ್ಕೆ ಶುರುವಾಗಿ ಈಸ್ಟರ್ ಆದ ಮರುವಾರದ ಶನಿವಾರಕ್ಕೆ ಮುಗಿಯುತ್ತದೆ. ಮರುದಿನ ಭಾನುವಾರ ಅದರ ಹಬ್ಬ. ಪೋಪ್ ಎರಡನೆಯ ಜಾನ್ ಪಾಲ್ ಅದನ್ನು ಇಡೀ ಧರ್ಮಸಭೆಯ ಹಬ್ಬವಾಗಿ ಘೋಷಿಸಿದ್ದು 2000ದಲ್ಲಿ. ಇನ್ನೊಂದು ಪವಿತ್ರಾತ್ಮರ ನೊವೇನಾ, ಎಲ್ಲಕ್ಕೂ ತಾಯಿ. ಅದರ ಮಾತು ಮುಂದೆ ಬರುತ್ತದೆ.

ಮೊದಲು ಪಳ್ಳಿಕುನ್ನು. ಕಲ್ಪೆಟ್ಟದಿಂದ ಕಂಬಳಕ್ಕಾಡಿನ ಕಡೆಗೆ ಹೋದರೆ ಕಾಫಿ, ಮೆಣಸಿನ ತೋಟಗಳ ನಡುವೆ ಸಿಗುವ ಊರು. ಆರ್ಮಂಡ್ ಜೆಫ್ರಿನೋ ಎಂಬ ಫ್ರೆಂಚ್ ಪಾದ್ರಿ 1908ರಲ್ಲಿ ಇಲ್ಲಿ ಚರ್ಚು ಸ್ಥಾಪಿಸಿದರು. ಅವರ ದೇಶದ ಲೂರ್ದಿನಲ್ಲಿ 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ ಬರ್ನದೆತ್ ಎಂಬ ಬಡ ಹುಡುಗಿಗೆ ಹದಿನೆಂಟು ಸಲ ಮಾತೆಯ ದರ್ಶನವಾಯಿತೆಂಬ ನಂಬಿಕೆ ಆಗಿನ್ನೂ ಐವತ್ತು ವರ್ಷದ ಹೊಸ ಸುದ್ದಿ. ಪಾದ್ರಿ ತಮ್ಮ ನಾಡಿನ ಆ ಭಕ್ತಿಯನ್ನು ಹೊತ್ತು ತಂದು ಈ ಗುಡ್ಡದ ಮೇಲಿಟ್ಟರು. ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ನಂಟಿದೆ. ಆಗ ವಯನಾಡು ಸೇರಿದ್ದು ಮೈಸೂರು ಧರ್ಮಪ್ರಾಂತ್ಯಕ್ಕೆ, ಅದರ ಧರ್ಮಾಧ್ಯಕ್ಷರು ವಾಸವಿದ್ದದ್ದು ಬೆಂಗಳೂರಿನಲ್ಲಿ. ಪಳ್ಳಿಕುನ್ನಿನ ಮೊದಲ ಹದಿನೈದು ವರ್ಷ ಅಲ್ಲಿನ ಪಾದ್ರಿಯ ಕಾಗದಗಳು ಘಟ್ಟದ ಈಚೆಗೇ ಬರಬೇಕಿತ್ತು. 1923ರಲ್ಲಿ ಕಲ್ಲಿಕೋಟೆ ಧರ್ಮಪ್ರಾಂತ್ಯ ಹುಟ್ಟಿದ ಮೇಲೆ ವಯನಾಡು ಆ ಕಡೆಗೆ ಹೋಯಿತು. ಅಲ್ಲಿನ ಮೊದಲ ಧರ್ಮಾಧ್ಯಕ್ಷರಾಗಿ ಹೋದ ಪೌಲ್ ಪೆರಿನಿ ಕೂಡ ಮಂಗಳೂರಿನಲ್ಲಿ ಧರ್ಮಾಧ್ಯಕ್ಷರಾಗಿದ್ದವರೇ.

ಇವತ್ತು ಆ ಜಾತ್ರೆಗೆ ಬರುವವರಲ್ಲಿ ಕ್ರೈಸ್ತರಷ್ಟೇ ಇಲ್ಲ. ಸುತ್ತಲ ಆದಿವಾಸಿ ಹಾಡಿಗಳವರು ಬರುತ್ತಾರೆ, ಹಿಂದೂಗಳು ಹರಕೆ ಹೊತ್ತು ಬರುತ್ತಾರೆ. ಹಬ್ಬದ ಮುಖ್ಯ ದಿನಗಳು 10 ಮತ್ತು 11. ತೇರಿನ ಮೇಲೆ ಮಾತೆಯ ಮೂರ್ತಿ ಹೊರಟಾಗ ಜನ ನಿಂತ ಪರಿ ನೋಡಿದರೆ ನಮ್ಮ ಊರ ತೇರು ನೆನಪಾಗದೆ ಇರದು. ಒಂಬತ್ತು ದಿನದ ಪ್ರಾರ್ಥನೆಯ ಅರ್ಥವನ್ನು ಇಂಥ ಜನಕ್ಕೆ ಬಿಡಿಸಿ ಹೇಳಬೇಕಾದದ್ದು ಏನೂ ಇಲ್ಲ. ನವರಾತ್ರಿ ಕೂತವರಿಗೆ, ಸಪ್ತಾಹ ಕೇಳಿದವರಿಗೆ, ನಲವತ್ತೊಂದು ದಿನ ಮಾಲೆ ಹಾಕಿದವರಿಗೆ ದಿನ ಎಣಿಸಿ ದೇವರ ಮುಂದೆ ನಿಲ್ಲುವುದು ಹೊಸತಲ್ಲ.

ಪದವೂ ಹೊಸತಲ್ಲ. ಲ್ಯಾಟಿನ್ನಿನಲ್ಲಿ ನೊವೆಮ್ ಎಂದರೆ ಒಂಬತ್ತು, ನಮ್ಮ ‘ನವ’ದ ದೂರದ ದಾಯಾದಿ. ‘ನವ’ ನಮಗೆ ಒಂಬತ್ತೂ ಹೌದು, ಹೊಸದೂ ಹೌದು. ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಈ ಎರಡೂ ಒಂದೇ ಹೊತ್ತಿಗೆ ಬಂದು ಕೂಡುತ್ತವೆ: ಆಗಸ್ಟ್ 30ರಿಂದ ಮಕ್ಕಳು ದಿನಕ್ಕೊಂದು ಬುಟ್ಟಿ ಹೂವು ಒಯ್ದು ಬಾಲೆ ಮರಿಯಮ್ಮನಿಗೆ ಅರ್ಪಿಸುವುದು ನೊವೇನಾ, ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ತಂದು ಹೊಸ ಅಕ್ಕಿ ಉಣ್ಣುವುದು ‘ನೊವೆಂ’. ಕಿವಿಗೆ ಎರಡೂ ಒಂದೇ ಮಾತಿನ ಹಾಗೆ ಕೇಳುತ್ತವೆ.

ಇನ್ನು ತಾಯಿ ನೊವೇನಾ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ಓದಿ. ಪುನರುತ್ಥಾನವಾದ ನಲವತ್ತನೆಯ ದಿನ ಯೇಸು ಸ್ವರ್ಗಕ್ಕೆ ಏರುತ್ತಾರೆ, ಅದು ಗುರುವಾರ. ಜೆರುಸಲೇಮ್ ಬಿಟ್ಟು ಹೋಗಬೇಡಿ, ಪವಿತ್ರಾತ್ಮ ಬರುವವರೆಗೆ ಕಾಯಿರಿ ಎನ್ನುತ್ತಾರೆ. ಇಂತಿಷ್ಟೇ ದಿನ ಎಂದು ಹೇಳುವುದಿಲ್ಲ. ಶಿಷ್ಯರು, ಕೆಲವು ಹೆಂಗಸರು, ಯೇಸುವಿನ ತಾಯಿ ಮರಿಯ ಮಾಳಿಗೆಯ ಕೋಣೆಯೊಂದರಲ್ಲಿ ಸೇರಿ ಪ್ರಾರ್ಥಿಸುತ್ತಾರೆ. ಪವಿತ್ರಾತ್ಮ ಇಳಿದದ್ದು ಪೆಂತೆಕೋಸ್ತಿನ ಭಾನುವಾರ. ನಡುವೆ ಶುಕ್ರವಾರದಿಂದ ಮರುವಾರದ ಶನಿವಾರದವರೆಗೆ ಎಣಿಸಿದರೆ ಒಂಬತ್ತು ದಿನ. ಗಮನಿಸಬೇಕಾದದ್ದು ಏನೆಂದರೆ, ಇವತ್ತು ನೊವೇನಾ ಶುರು ಮಾಡುವ ನಮಗೆ ಮುಗಿಯುವ ದಿನ ಗೊತ್ತಿರುತ್ತದೆ, ಅವರಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಒಂಬತ್ತು ದಿನದ ಪ್ರಾರ್ಥನೆಯಲ್ಲ, ಬರುವವರೆಗಿನ ಪ್ರಾರ್ಥನೆ. ನಾವು ಆಮೇಲೆ ಎಣಿಸಿಕೊಂಡೆವು. ಇನ್ನೂ ಒಂದು: ಅಷ್ಟು ದಿನ ಅವರು ಕಣ್ಣು ಮುಚ್ಚಿ ಕೂತಿರಲಿಲ್ಲ. ಯೇಸುವಿಗೆ ದ್ರೋಹ ಬಗೆದ ಯೂದನಿಂದ ತೆರವಾದ ಸ್ಥಾನಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದರು. ಪ್ರಾರ್ಥನೆಯ ನಡುವೆಯೇ ಆಗಬೇಕಿದ್ದ ಕೆಲಸವೂ ಆಯಿತು.

ಪೋಪ್ 13ನೆಯ ಲಿಯೋ 1897ರಲ್ಲಿ ಈ ನೊವೇನಾವನ್ನು ಎಲ್ಲ ಧರ್ಮಕೇಂದ್ರಗಳಲ್ಲೂ ನಡೆಸಬೇಕೆಂದು ವಿಧಿಸಿದರು. 2027ರಲ್ಲಿ ಅದು ಮೇ 7ರಿಂದ 15ರವರೆಗೆ ಬರುತ್ತದೆ, 16ಕ್ಕೆ ಪೆಂತೆಕೋಸ್ತ್. ಹೊಸದಾಗಿ ನೊವೇನಾ ಕಲಿಯುವವರು ಇದರಿಂದಲೇ ಶುರು ಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಜನ ಮೊದಲು ಹಿಡಿಯುವುದು ಸಂತ ಅಂತೋಣಿಯವರನ್ನು ಅಥವಾ ಸಂತ ಯೂದ ತದ್ದೇಯರನ್ನು. ಕಳೆದದ್ದು ಸಿಗಬೇಕು, ಕೈಬಿಟ್ಟ ಕೆಲಸ ಆಗಬೇಕು, ಮನುಷ್ಯ ಸ್ವಭಾವ.

ಒಂಬತ್ತೆಂಬ ಸಂಖ್ಯೆಯಲ್ಲೇ ಏನೋ ಶಕ್ತಿಯಿದೆ ಎನ್ನುವವರಿಗೆ ಒಂದು ಹಳೆಯ ಕತೆ ಹೇಳಬೇಕು. ಕ್ರೈಸ್ತರಿಗಿಂತ ಮೊದಲು ರೋಮನರು ಸತ್ತವರಿಗಾಗಿ ಒಂಬತ್ತು ದಿನ ಸೂತಕ ಆಚರಿಸುತ್ತಿದ್ದರು. ಸಂತ ಅಗಸ್ಟೀನರಿಗೆ ಇದು ಹಿಡಿಸಲಿಲ್ಲ. ಇದು ಅನ್ಯರ ಪದ್ಧತಿ, ಧರ್ಮಗ್ರಂಥದಲ್ಲಿರುವುದು ಏಳು ದಿನದ ಶೋಕ ಎಂದು ಕ್ರೈಸ್ತರಿಗೆ ಎಚ್ಚರಿಕೆ ಕೊಟ್ಟರು. ಜನ ಒಂಬತ್ತನ್ನು ಬಿಡಲಿಲ್ಲ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ ವ್ಯಾಟಿಕನ್‌ನಲ್ಲಿ 26ರಿಂದ ಮೇ 4ರವರೆಗೆ ದಿನವೂ ಬಲಿಪೂಜೆ ನಡೆಯಿತು, ಎಣಿಸಿದರೆ ಒಂಬತ್ತು. ಸ್ಪೇನ್, ಫ್ರಾನ್ಸ್‌ಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಒಂಬತ್ತು ದಿನ ಪ್ರಾರ್ಥಿಸುವುದು ಬೆಳೆದದ್ದು ಬೇರೆಯೇ ಕಾರಣಕ್ಕೆ: ತಾಯಿ ಹೊತ್ತ ಒಂಬತ್ತು ತಿಂಗಳಿಗೆ ಒಂಬತ್ತು ದಿನ. ವಯನಾಡಿಗೇ ಬಂದರೆ, ತಿರುವಾಂಕೂರಿನಿಂದ ವಲಸೆ ಬಂದ ಸುರಿಯಾನಿ ಕ್ರೈಸ್ತರು ಸೆಪ್ಟೆಂಬರ್ 1ರಿಂದ 8ರವರೆಗೆ ‘ಎಟ್ಟು ನೋಂಬು’ ಹಿಡಿಯುತ್ತಾರೆ, ಮರಿಯಮ್ಮನ ಹೆಸರಿನ ಎಂಟು ದಿನದ ಉಪವಾಸ. ಅದೇ ಹಬ್ಬ, ಅದೇ ತಾಯಿ. ಒಬ್ಬರಿಗೆ ಒಂಬತ್ತು, ಇನ್ನೊಬ್ಬರಿಗೆ ಎಂಟು. ತಾಯಿ ಇಬ್ಬರಲ್ಲಿ ಯಾರ ಲೆಕ್ಕವನ್ನೂ ತಿದ್ದಿಲ್ಲ.

ವಯನಾಡಿಗೆ ಹೋಗುವವರು ತಿಳಿದಿರಬೇಕಾದ ವಿಷಯ ಇಲ್ಲೇ ಇದೆ. ಅಲ್ಲಿ ಕಥೋಲಿಕರದು ಮೂರು ಪರಂಪರೆ. ಪಳ್ಳಿಕುನ್ನಿನಂಥವು ಲ್ಯಾಟಿನ್ ಪದ್ಧತಿಯವು, ನಮ್ಮ ಮೈಸೂರು, ಬೆಂಗಳೂರು, ಮಂಗಳೂರಿನ ಹಾಗೆ. ಸಂಖ್ಯೆಯಲ್ಲಿ ದೊಡ್ಡದು ಸಿರೋ-ಮಲಬಾರ್. ಅದರ ಮಾನಂದವಾಡಿ ಧರ್ಮಪ್ರಾಂತ್ಯ ಹುಟ್ಟಿದ್ದು 1973ರಲ್ಲಿ. 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯ ಬೇರೆಯಾಗುವವರೆಗೆ ನಮ್ಮ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ಮಲಯಾಳಿ ಕಥೋಲಿಕರೂ ಅದರ ಅಡಿಯಲ್ಲೇ ಇದ್ದರು. ಮೂರನೆಯದು ಸಿರೋ-ಮಲಂಕರ, 1978ರಿಂದ ಬತ್ತೇರಿಯಲ್ಲಿ ಪೀಠ. ಬಲಿಪೂಜೆಯ ಕ್ರಮ ಮೂರರಲ್ಲೂ ಬೇರೆ, ನೊವೇನಾ ಮಾತ್ರ ಹೆಚ್ಚುಕಡಿಮೆ ಒಂದೇ. ಕೆಲವು ಮಾತು ಗೊತ್ತಿದ್ದರೆ ಅನುಕೂಲ: ಬಲಿಪೂಜೆಗೆ ಕುರ್ಬಾನ, ಜಪಸರಕ್ಕೆ ಕೊಂತ, ಹಬ್ಬಕ್ಕೆ ತಿರುನಾಳ್, ಧ್ವಜಾರೋಹಣಕ್ಕೆ ಕೊಡಿಯೇಟ್ಟಂ, ಹರಕೆಗೂ ಹಬ್ಬದ ಅನ್ನಪ್ರಸಾದಕ್ಕೂ ನೇರ್ಚ. ಸಂತರ ಹೆಸರು ಹೇಳುತ್ತಾ ಹೋಗುವ ಪ್ರಾರ್ಥನಾಮಾಲೆಗೆ ಲದೀಞ್, ಪೋರ್ಚುಗೀಸರು ಬಿಟ್ಟುಹೋದ ಮಾತು. ಪಾದ್ರಿಯನ್ನು ನಾವು ಫಾದರ್, ಸ್ವಾಮಿ ಎಂದರೆ ಅವರು ‘ಅಚ್ಚನ್’ ಎನ್ನುತ್ತಾರೆ. ಸುರಿಯಾನಿ ಚರ್ಚುಗಳ ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡರೆ ನಿಮ್ಮದನ್ನೂ ಅಲ್ಲೇ ಬಿಡಿ.

ವಾರದ ನೊವೇನಾ ಎಂಬುದೊಂದಿದೆ, ಇದರಿಂದ ಗೊಂದಲ ಜಾಸ್ತಿ. ಮಂಗಳವಾರ ಸಂತ ಅಂತೋಣಿ, ಬುಧವಾರ ನಿತ್ಯಸಹಾಯ ಮಾತೆ, ಗುರುವಾರ ಬಾಲಯೇಸು. ಅಂತೋಣಿಯವರಿಗೆ ಮಂಗಳವಾರ ಏಕೆಂದರೆ 1231ರಲ್ಲಿ ಅವರನ್ನು ಸಮಾಧಿ ಮಾಡಿದ್ದು ಮಂಗಳವಾರ. ವಾರಕ್ಕೊಮ್ಮೆಯಂತೆ ಅದೇ ದಿನ ಒಂಬತ್ತು ಸಲ ಹೋದರೆ ನೊವೇನಾ ಪೂರ್ತಿ. ಆದರೆ ಬಹುತೇಕ ಚರ್ಚುಗಳಲ್ಲಿ ಅದು ನಿಲ್ಲುವುದೇ ಇಲ್ಲ, ವರ್ಷವಿಡೀ ನಡೆಯುತ್ತಲೇ ಇರುತ್ತದೆ. ಯಾವ ವಾರ ಬೇಕಾದರೂ ಸೇರಿ ನಿಮ್ಮ ಒಂಬತ್ತನ್ನು ಎಣಿಸಿಕೊಳ್ಳಬಹುದು. ನಿತ್ಯಸಹಾಯ ಮಾತೆಯ ನೊವೇನಾ ಈ ರೂಪ ತಾಳಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, 1922ರಲ್ಲಿ. ಮುಂಬೈಯ ಮಾಹಿಮ್ ಚರ್ಚಿನಲ್ಲಿ 1948ರ ಸೆಪ್ಟೆಂಬರ್ 8ಕ್ಕೆ ಶುರುವಾದದ್ದು ಇವತ್ತಿಗೂ ಪ್ರತಿ ಬುಧವಾರ ಜನಜಂಗುಳಿ ಸೇರಿಸುತ್ತದೆ. ಇದಲ್ಲದೆ ತಿಂಗಳ ಮೊದಲ ಶುಕ್ರವಾರ, ಸತತ ಒಂಬತ್ತು ತಿಂಗಳು ಮಾಡುವ ಯೇಸುವಿನ ಪವಿತ್ರ ಹೃದಯದ ಭಕ್ತಿಯೂ ಇದೆ. ಹೊಸಬರಿಗೆ ಅದು ಉದ್ದವಾಯಿತು.

ಮನೆಯಲ್ಲಿ ಮಾಡುವುದು ಹೇಗೆ? ವಯನಾಡಿನ ಕ್ರೈಸ್ತ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಸೇರಿ ಕೊಂತ ಹೇಳುವ ರೂಢಿಯಿದೆ, ನೊವೇನಾ ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇದು ಜಾಣತನ. ಹೊಸ ಹೊತ್ತೊಂದನ್ನು ಹುಡುಕುವ ಬದಲು ಈಗಾಗಲೇ ಇರುವ ಹೊತ್ತಿಗೆ ಸೇರಿಸಿ. ಹಾಗೆ ಹೊತ್ತೇ ಇಲ್ಲದ ಮನೆಯಾದರೆ ರಾತ್ರಿ ಊಟಕ್ಕೆ ಕೂರುವ ಮುಂಚಿನ ಕಾಲು ಗಂಟೆ ಸಾಕು. ಮೊದಲು ಶಿಲುಬೆಯ ಗುರುತು. ಆಮೇಲೆ ಆ ದಿನಕ್ಕೆಂದು ಇರುವ ಬೈಬಲ್ ವಾಚನ ಅಥವಾ ಚಿಂತನೆ; ಒಂಬತ್ತು ದಿನಕ್ಕೆ ಒಂಬತ್ತು ಬೇರೆ ಬೇರೆ ಇರುತ್ತವೆ, ಎಲ್ಲಕ್ಕಿಂತ ಬೆಲೆಯುಳ್ಳ ಭಾಗ ಇದೇ, ಅವಸರದವರು ಹಾರಿಸುವುದೂ ಇದನ್ನೇ. ನಂತರ ಮನಸ್ಸಿನ ಕೋರಿಕೆಯನ್ನು ಹೇಳಿಕೊಂಡು ಸ್ವಲ್ಪ ಹೊತ್ತು ಸುಮ್ಮನಿರುವುದು. ಪರಲೋಕ ಮಂತ್ರ, ನಮೋ ಮರಿಯ, ತ್ರಿತ್ವದ ಸ್ತುತಿ. ಕೊನೆಗೆ ಆ ಸಂತರ ನೊವೇನಾ ಪ್ರಾರ್ಥನೆ, ಬೇಕಾದರೆ ಪ್ರಾರ್ಥನಾಮಾಲೆ, ಬರುವ ಹಾಡೊಂದು.

ಪುಸ್ತಕ ಬೇಕಲ್ಲ? ಇಂಟರ್‌ನೆಟ್ಟಿನಿಂದ ಸಿಕ್ಕಿದ್ದನ್ನು ಇಳಿಸಿಕೊಳ್ಳುವ ಬದಲು ಚರ್ಚಿನ ಪುಸ್ತಕದಂಗಡಿಯಿಂದ ಕಿರುಹೊತ್ತಗೆ ತನ್ನಿ, ಮೊದಲ ಪುಟದಲ್ಲಿ ಧರ್ಮಾಧ್ಯಕ್ಷರ ಅನುಮತಿ ಇದೆಯೇ ನೋಡಿ. ವಯನಾಡಿನಲ್ಲಿ ಸಿಗುವುದು ಮಲಯಾಳದ್ದು. ಲಿಪಿ ಬಾರದಿದ್ದರೂ ಅಲ್ಲಿನ ಗುಂಪಿನೊಡನೆ ಕೂತು ಕೇಳಿದರೆ ನಷ್ಟವಿಲ್ಲ, ‘ಞಂಙಳ್ಕ್ಕುವೇಂಡಿ ಅಪೇಕ್ಷಿಕ್ಕಣಮೇ’ ಎಂಬ ಪಲ್ಲವಿ ನಾಲ್ಕನೇ ಸಲಕ್ಕೆ ನಿಮ್ಮ ಬಾಯಲ್ಲೇ ಬರುತ್ತದೆ. ‘ನಮಗಾಗಿ ಪ್ರಾರ್ಥಿಸಿ’ ಎಂದಷ್ಟೇ ಅದರ ಅರ್ಥ. ಮನೆಯಲ್ಲಿ ಮಾತ್ರ ನೀವು ಅಳುವಾಗ ಬಳಸುವ ಭಾಷೆಯಲ್ಲೇ ಪ್ರಾರ್ಥಿಸಿ.

ಕೋರಿಕೆ ಒಂದೇ ಇರಲಿ. ಸಾಲ ತೀರಬೇಕು, ಮಗಳಿಗೆ ಗಂಡು ಸಿಗಬೇಕು, ಮಂಡಿನೋವು ಹೋಗಬೇಕು, ಪಕ್ಕದ ಮನೆಯವನಿಗೆ ಬುದ್ಧಿ ಬರಬೇಕು ಎಂದು ಪಟ್ಟಿ ಹಿಡಿದು ಕೂತರೆ ಒಂಬತ್ತು ದಿನವೂ ಪಟ್ಟಿ ಓದುವುದರಲ್ಲೇ ಮುಗಿಯುತ್ತದೆ. ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ದಿನಾ ಅದೇ ವಾಕ್ಯ ಓದುವಾಗ ಐದನೆಯ ದಿನವೋ ಆರನೆಯ ದಿನವೋ ಒಂದು ಪದ ಸರಿಯಿಲ್ಲ ಅನ್ನಿಸುತ್ತದೆ. ತಿದ್ದಿ. ‘ಅವನು ನನ್ನ ಹತ್ತಿರ ಕ್ಷಮೆ ಕೇಳಲಿ’ ಎಂದು ಶುರುವಾದದ್ದು ‘ನಾವಿಬ್ಬರೂ ಮಾತಾಡುವಂತಾಗಲಿ’ ಎಂದು ಮುಗಿದದ್ದನ್ನು ನಾನು ಬಲ್ಲೆ. ಒಂದೇ ದಿನ ಒಂಬತ್ತು ಸಲ ಹೇಳಿದರೆ ಈ ತಿದ್ದುಪಡಿ ಆಗುವುದಿಲ್ಲ. ತುರ್ತಿದ್ದಾಗ ಗಂಟೆಗೊಂದರಂತೆ ಒಂಬತ್ತು ಗಂಟೆ ಪ್ರಾರ್ಥಿಸುವ ರೂಢಿಯೂ ಇದೆ; ಆಪರೇಷನ್ ಥಿಯೇಟರಿನ ಹೊರಗೆ ಕೂತವರಿಗೆ ಅದು ಬೇಕು. ಮಿಕ್ಕವರಿಗೆ ರಾತ್ರಿಗಳು ಬೇಕು, ನಡುವೆ ಮಲಗಿ ಏಳುವುದು ಬೇಕು.

ಒಂದು ದಿನ ತಪ್ಪಿಹೋದರೆ? ಎಲ್ಲರೂ ಕೇಳುವ ಪ್ರಶ್ನೆ. ಪಾಪವಲ್ಲ. ಮಾರನೆಯ ದಿನ ಮುಂದುವರಿಸಿ. ಮೊದಲಿನಿಂದ ಶುರು ಮಾಡಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. ಕ್ರೈಸ್ತರಲ್ಲದವರು ಕೂರಬಹುದೇ? ಧಾರಾಳವಾಗಿ. ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಸಾಲಿಗೆ ಮಾತ್ರ ಹೋಗಬೇಡಿ, ಅದು ಸಿದ್ಧರಾದ ಕಥೋಲಿಕರಿಗೆ. ಕಥೋಲಿಕರಾದರೆ ಒಂಬತ್ತು ದಿನದೊಳಗೆ ಒಮ್ಮೆ ಪಾಪನಿವೇದನೆ ಮಾಡಿಕೊಳ್ಳುವುದು ವಾಡಿಕೆ. ಹಬ್ಬದ ದಿನಕ್ಕೆ ಕಾದರೆ ಪಳ್ಳಿಕುನ್ನಿನಂಥ ಕಡೆ ಸಾಲು ಕರಗುವುದಿಲ್ಲ, ಮೂರನೆಯ ನಾಲ್ಕನೆಯ ದಿನವೇ ಮುಗಿಸಿಕೊಳ್ಳಿ. ಕಾಯಿಲೆಗಾಗಿ ನೊವೇನಾ ಹಿಡಿದವರು ಮಾತ್ರೆ ನಿಲ್ಲಿಸುವುದು ಬೇಡ. ಮಾಳಿಗೆ ಕೋಣೆಯವರೂ ಪ್ರಾರ್ಥನೆಯ ನಡುವೆ ಕೆಲಸ ನಿಲ್ಲಿಸಿರಲಿಲ್ಲ.

ಮೊಬೈಲಿನಲ್ಲಿ ಓಡಾಡುವ ಇನ್ನೊಂದು ಜಾತಿಯ ‘ನೊವೇನಾ’ ಇದೆ: ಇದನ್ನು ಒಂಬತ್ತು ಜನಕ್ಕೆ ಕಳಿಸಿ, ಒಂಬತ್ತು ದಿನದಲ್ಲಿ ಶುಭವಾರ್ತೆ, ಕಳಿಸದಿದ್ದರೆ ಕೇಡು. ಅಳಿಸಿಹಾಕಿ. ಪ್ರಾರ್ಥನೆಯ ಒಳಗಿನ ಮನಸ್ಸನ್ನು ಬಿಟ್ಟು ಹೊರಗಿನ ಕ್ರಿಯೆಗಷ್ಟೇ ಫಲವಿದೆ ಎಂದುಕೊಳ್ಳುವುದು ಮೂಢನಂಬಿಕೆ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ‘ಎಂದೂ ವಿಫಲವಾಗದ ನೊವೇನಾ’ ಎಂದು ಅಚ್ಚಾಗಿ ಬರುವ ಚೀಟಿಗಳಿಗೂ ಇದೇ ಮಾತು. ದೇವರೊಡನೆ ಕರಾರುಪತ್ರ ಬರೆಸಿಕೊಳ್ಳುವ ಆಸೆ ನಮ್ಮದು, ಆ ಕಡೆಯ ಸಹಿ ಮಾತ್ರ ಬಿದ್ದಿಲ್ಲ.

ಕೇಳುವುದಷ್ಟೇ ಅಲ್ಲ, ಸಿಕ್ಕಿದ್ದಕ್ಕೆ ಹೇಳಬೇಕಾದದ್ದೂ ಇದೆ. ಮಲಯಾಳ ಪತ್ರಿಕೆಗಳ ವರ್ಗೀಕೃತ ಜಾಹೀರಾತು ಓದಿದವರು ‘ಉದ್ದಿಷ್ಟ ಕಾರ್ಯತ್ತಿನ್ ಉಪಕಾರಸ್ಮರಣ’ ಎಂಬ ಸಾಲು ನೋಡಿರುತ್ತಾರೆ, ಕೆಳಗೆ ಒಬ್ಬ ಸಂತರ ಹೆಸರು. ಮಲಯಾಳಿಗಳು ಇದನ್ನಿಟ್ಟುಕೊಂಡು ನಗೆಚಾಟಿಕೆ ಮಾಡುವುದೂ ಉಂಟು. ನಿತ್ಯಸಹಾಯ ಮಾತೆಯ ನೊವೇನಾದಲ್ಲಿ ಇದಕ್ಕೆಂದೇ ಕ್ರಮವೊಂದಿದೆ, ಭಕ್ತರು ಬರೆದ ಕೋರಿಕೆಯ ಕಾಗದಗಳ ಜೊತೆ ಕೃತಜ್ಞತೆಯ ಕಾಗದಗಳನ್ನೂ ಗಟ್ಟಿಯಾಗಿ ಓದುವುದು. ಕೆಲಸ ಸಿಕ್ಕಿದ್ದು, ಗಂಡ ಕುಡಿತ ಬಿಟ್ಟದ್ದು. ಒಮ್ಮೊಮ್ಮೆ, ಕೇಳಿದ್ದು ಸಿಗಲಿಲ್ಲ, ಆದರೂ ವಂದನೆ ಎಂದು ಬರೆದವರದ್ದು. ಜನ ಬಗ್ಗಿಸಿದ ತಲೆ ಎತ್ತಿ ಕೇಳುವುದು ಆ ಕಾಗದವನ್ನು.

ವಯನಾಡು ದೂರವಾಯಿತು ಎನ್ನುವ ಮೈಸೂರಿನವರಿಗೆ ಕೆ.ಆರ್. ನಗರದ ದಾರಿಯಲ್ಲಿ ದೋರನಹಳ್ಳಿ ಇದೆ. ರೈತನೊಬ್ಬನ ನೇಗಿಲಿಗೆ ಸಿಕ್ಕಿತೆಂದು ಹೇಳುವ ಸಂತ ಅಂತೋಣಿಯವರ ಮರದ ಮೂರ್ತಿ ಅಲ್ಲಿದೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು. ಮಂಗಳವಾರ ಹೋಗಿ, ಇಲ್ಲವೇ ಜೂನ್ 4ರಿಂದ.

ಪಳ್ಳಿಕುನ್ನಿಗೇ ಹೋಗುವವರು ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರದ ಕಾಡು ಹಾದು ಬತ್ತೇರಿ, ಅಲ್ಲಿಂದ ಕಲ್ಪೆಟ್ಟ. ಫೆಬ್ರವರಿಯ ಬೆಳಗಿನ ಚಳಿಗೆ ಸ್ವೆಟರ್ ಇರಲಿ. ಹೆಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂ‌ಜೆ ಆರಕ್ಕೇ ಮುಚ್ಚುತ್ತದೆ. ರಾತ್ರಿಯೇ ಹೊರಡಬೇಕಾದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತು ದಾರಿ ಹಿಡಿಯಬೇಕು. ಹಬ್ಬದ ಜನಸಂದಣಿ ಆಗದವರು 10, 11 ಬಿಟ್ಟು ನೊವೇನಾದ ನಡುವಿನ ಯಾವುದಾದರೂ ದಿನ ಹೋಗಿ. ಮಾತೆಯ ಮುಂದೆ ಕೂರಲು ಜಾಗವಿರುತ್ತದೆ, ಅಚ್ಚನ್‌ಗೂ ಮಾತಾಡಲು ಪುರುಸೊತ್ತಿರುತ್ತದೆ. ಹಬ್ಬಕ್ಕೇ ಹೋದವರು ಸಂಜೆ ಹಿಂದಿರುಗುವಾಗ ಗಡಿಯಾರ ನೋಡಿಕೊಳ್ಳಿ. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ಇಲ್ಲ, ಆಂಬುಲೆನ್ಸಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ. ರಾತ್ರಿ ಒಂಬತ್ತಕ್ಕೆ ಹಾಕಿದ ಗೇಟು ತೆಗೆಯುವುದು ಬೆಳಿಗ್ಗೆ ಆರಕ್ಕೆ. ತಡವಾದರೆ ಕಾಡಿನಂಚಿನಲ್ಲಿ ಕಾಯಬೇಕಾದದ್ದು ಲೆಕ್ಕಕ್ಕೆ ಸರಿಯಾಗಿ ಒಂಬತ್ತು ಗಂಟೆ.